ಹೆಬ್ಬೆಟ್ಟು ನಮ್ಮದು, ಋಣ ಯಾರದು?

ಹೆಬ್ಬೆಟ್ಟು ಒತ್ತುವುದು ನಮ್ಮ ಜನಕ್ಕೆ ಹೊಸದಲ್ಲ. ಸಾಹುಕಾರನ ಜಗಲಿಯ ಕೆಳಗೆ ನಿಂತು ನಮ್ಮ ತಾತಂದಿರು ಒತ್ತಿದ್ದಾರೆ. ಮದುವೆಗೆ ತಂದ ನೂರು ರೂಪಾಯಿ ಸಾಲಕ್ಕೆ ಮಗನನ್ನು ಜೀತಕ್ಕೆ ಬಿಟ್ಟ ಪತ್ರಕ್ಕೂ ಒತ್ತಿದ್ದಾರೆ. ಪತ್ರದಲ್ಲಿ ಏನು ಬರೆದಿದೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಯಾರೂ ಓದಿ ಹೇಳುತ್ತಿರಲಿಲ್ಲ. ಓದಿ ಹೇಳಿದ್ದರೂ ಒತ್ತದೆ ಬೇರೆ ದಾರಿ ಇರಲಿಲ್ಲ. 1976ರಲ್ಲಿ ಜೀತವನ್ನು ರದ್ದು ಮಾಡುವ ಕಾನೂನು ಬಂತು. ಹೆಬ್ಬೆಟ್ಟು ಮಾತ್ರ ರದ್ದಾಗಲಿಲ್ಲ. ಈಗ ಅದು ಔಷಧ, ಲಸಿಕೆಗಳ ಸಂಶೋಧನೆಯ ಕಾಗದಗಳ ಮೇಲೂ ಬೀಳುತ್ತದೆ. ಆ ಕಾಗದಕ್ಕೆ ಒಪ್ಪಿಗೆ ಪತ್ರ ಅಂತ ಹೆಸರು.

ಮನುಷ್ಯನ ಮೈಮೇಲೆ ಪರೀಕ್ಷೆ ಮಾಡದೆ ಯಾವ ಔಷಧಿಯೂ ಮನುಷ್ಯನಿಗೆ ಬರುವುದಿಲ್ಲ. ಇದು ನಮಗೆ ಗೊತ್ತು. ಇದನ್ನು ನಾವು ವಿರೋಧಿಸುವುದೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಯಾರ ಮೈಮೇಲೆ? ಯಾರನ್ನು ಕೇಳಿ? ಬಂದ ಫಲ ಯಾರಿಗೆ? ನಮಗೆ ಬಾವಿ ಮುಟ್ಟಲು ಬಿಡದ, ಲೋಟವನ್ನು ಬೇರೆ ಇಟ್ಟ ಈ ದೇಶದಲ್ಲಿ ನಮ್ಮ ರಕ್ತ ಪರೀಕ್ಷೆಯ ಗಾಜಿನ ಕೊಳವೆಗೆ ಮಾತ್ರ ಎಂದೂ ಮೈಲಿಗೆಯಾಗಲಿಲ್ಲ. ಇದನ್ನು ಸಮಾನತೆ ಅನ್ನಬೇಕೇ?

ಒಂದೇ ಒಂದು ರೋಗವನ್ನು ಹಿಡಿದು ನೋಡೋಣ. ಗರ್ಭಕೊರಳಿನ ಕ್ಯಾನ್ಸರ್. ನಮ್ಮ ಹೆಂಗಸರು ಇದನ್ನು ಹೆಸರಿಟ್ಟು ಕರೆಯುವುದಿಲ್ಲ. ಬಿಳಿಸೆರಗು ಅಂತ ಮುಚ್ಚಿಟ್ಟುಕೊಂಡು, ರಕ್ತ ಹೋಗಲು ಶುರುವಾದ ಮೇಲೂ ಕಳೆ ಕೀಳಲು ಹೋಗಿ, ಕೊನೆಗೆ ಹಾಸಿಗೆ ಹಿಡಿದಾಗ ಜಿಲ್ಲಾ ಆಸ್ಪತ್ರೆ ಕಾಣುತ್ತಾರೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ರೋಗ ಬಂತು. ಸುಮಾರು 80 ಸಾವಿರ ಮಂದಿ ಸತ್ತರು. ಇದು ಮೊದಲೇ ಕಂಡುಹಿಡಿಯಬಹುದಾದ, ಬಹುಮಟ್ಟಿಗೆ ಬಾರದಂತೆಯೇ ತಡೆಯಬಹುದಾದ ರೋಗ. ಹೇಗೆ ತಡೆಯಬಹುದು ಅನ್ನುವ ತಿಳಿವಳಿಕೆ ಎಲ್ಲಿಂದ ಬಂತು ಅನ್ನುವುದೇ ನಮ್ಮ ಕಥೆ.

1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಹೆಣ್ಣುಮಗಳು ಬಂದಳು. ತಂಬಾಕಿನ ಹೊಲದಲ್ಲಿ ದುಡಿದು ಬೆಳೆದವಳು. ಅವಳಿಗೆ ಇದೇ ರೋಗ. ಚಿಕಿತ್ಸೆಯ ಹೊತ್ತಿನಲ್ಲಿ ಅವಳ ಗಡ್ಡೆಯ ಚೂರೊಂದನ್ನು ಅವಳನ್ನು ಕೇಳದೆ ತೆಗೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವಳು ಸತ್ತಳು. ವಯಸ್ಸು 31. ಆದರೆ ಆ ಚೂರಿನ ಜೀವಕೋಶಗಳು ಸಾಯಲಿಲ್ಲ, ಪ್ರಯೋಗಾಲಯದಲ್ಲಿ ಬೆಳೆಯುತ್ತಲೇ ಹೋದವು. 'ಹೀಲಾ' ಎಂಬ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿದವು. ಪೋಲಿಯೋ ಲಸಿಕೆಯ ಪರೀಕ್ಷೆಗೆ ಬಂದವು, ಸಾವಿರಾರು ಸಂಶೋಧನೆಗಳಿಗೆ ಬಂದವು. ಈ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ ಎಂದು ತೋರಿಸಿದ ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಆ ವೈರಸ್ಸಿನ ಒಂದು ಬಗೆ ಹೆನ್ರಿಯೆಟಾಳ ಜೀವಕೋಶಗಳಲ್ಲೇ ಇತ್ತು. ಅವಳ ಮಕ್ಕಳಿಗೆ ಈ ವಿಷಯ ಗೊತ್ತಾಗುವ ಹೊತ್ತಿಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಆಗಿಹೋಗಿತ್ತು. ಜೀವಕೋಶ ಮಾರಿ ಹಣ ಮಾಡಿದ ಒಂದು ದೊಡ್ಡ ಕಂಪನಿ ಅವಳ ಕುಟುಂಬದ ಜೊತೆ ರಾಜಿ ಮಾಡಿಕೊಂಡದ್ದು 2023ರಲ್ಲಿ. ಅದೂ ಕೋರ್ಟಿಗೆಳೆದ ಮೇಲೆ.

ಕಡಲಾಚೆಯ ಕಥೆ ಸಾಕು, ಗಡಿಯಾಚೆಗೆ ಬರೋಣ. ಬೀದರ್, ಕಲಬುರಗಿಗಳ ಮಗ್ಗುಲಿಗೇ ಇರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ. ಈಗ ಅದರ ಹೆಸರು ಧಾರಾಶಿವ. ಬರದ ಸೀಮೆ, ಕಬ್ಬು ಕಡಿಯಲು ಗುಳೆ ಹೋಗುವ ಜನ. ಅಲ್ಲಿ 1999ರಿಂದ ಒಂದು ದೊಡ್ಡ ಸಂಶೋಧನೆ ನಡೆಯಿತು. ಸುಮಾರು 1 ಲಕ್ಷ 31 ಸಾವಿರ ಹೆಂಗಸರು. ಹಳ್ಳಿಗಳನ್ನು 52 ಗುಂಪು ಮಾಡಿ, ಕೆಲವಕ್ಕೆ ಎಚ್‌ಪಿವಿ ಪರೀಕ್ಷೆ, ಕೆಲವಕ್ಕೆ ಬೇರೆ ಎರಡು ಬಗೆಯ ಪರೀಕ್ಷೆ ಮಾಡಿದರು. ಉಳಿದ ಗುಂಪಿಗೆ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಅವರಿಗೆ ರೋಗದ ತಿಳಿವಳಿಕೆ ಕೊಟ್ಟು, ಬೇಕಾದರೆ ಇಂಥ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಿ ಅಂತ ಹೇಳಿದರು. 2009ರಲ್ಲಿ ಫಲಿತಾಂಶ ಅಚ್ಚಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನ 34,126 ಮಂದಿಯಲ್ಲಿ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಮಾಡದ ಗುಂಪಿನ 31,488 ಮಂದಿಯಲ್ಲಿ ಸತ್ತವರು 64.

ಬಡ ದೇಶದ ಹೆಂಗಸನ್ನು ಒಂದೇ ಒಂದು ಸಲ ಪರೀಕ್ಷಿಸಿದರೂ ಸಾವು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಲೋಕ ಕಲಿತದ್ದು ಇಲ್ಲಿ. ದೊಡ್ಡ ತಿಳಿವಳಿಕೆಯೇ ಸರಿ. ಆದರೆ ಪರೀಕ್ಷೆ ಮಾಡಿ ಮೊದಲೇ ಹಿಡಿದರೆ ಈ ರೋಗದ ಸಾವು ಕಡಿಮೆಯಾಗುತ್ತದೆ ಎಂಬುದು ಶ್ರೀಮಂತ ದೇಶಗಳಿಗೆ ದಶಕಗಳ ಹಿಂದೆಯೇ ತಿಳಿದಿತ್ತು. ಹಾಗಾದರೆ ಒಂದು ಗುಂಪನ್ನು ಸುಮ್ಮನೆ ಬಿಟ್ಟು ನೋಡಬಹುದೇ ಎಂದು ಕೆಲವು ವೈದ್ಯರು ಕೇಳಿದರು. ಬಂದ ಉತ್ತರವನ್ನು ನಾವು ಮರೆಯಬಾರದು. ಭಾರತದ ಹಳ್ಳಿಯ ಹೆಂಗಸಿಗೆ ರೂಢಿಯಲ್ಲಿ ಯಾವ ಪರೀಕ್ಷೆಯೂ ಇಲ್ಲ. ಅವಳಿಗೆ ನಾವು ರೂಢಿಯ ಆರೈಕೆಯನ್ನೇ ಕೊಟ್ಟೆವು. ಅವಳಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ಈ ತರ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ಇಲ್ಲದವಳಿಂದ ಕಿತ್ತುಕೊಳ್ಳಲು ಏನೂ ಇಲ್ಲ, ಆದ್ದರಿಂದ ಅವಳಿಗೆ ಕೊಡದಿದ್ದರೆ ಅನ್ಯಾಯವಲ್ಲ. ಹೊಲೆಯನಿಗೆ ಓದು ರೂಢಿಯಲ್ಲಿಲ್ಲ, ಆದ್ದರಿಂದ ಓದಿಸದಿದ್ದರೆ ತಪ್ಪಲ್ಲ ಎಂದವರ ತರ್ಕವೂ ಇದೇ ಅಲ್ಲವೇ? ರೂಢಿ ಅನ್ನುವುದು ಮಳೆಯಂತೆ ಮೇಲಿನಿಂದ ಬಿದ್ದದ್ದಲ್ಲ. ಯಾರೋ ಮಾಡಿದ್ದು, ಯಾರೋ ಉಳಿಸಿಕೊಂಡು ಬಂದದ್ದು. ಒಂದು ಅನ್ಯಾಯವನ್ನು ಅಳತೆಗೋಲು ಮಾಡಿಕೊಂಡು ಇನ್ನೊಂದನ್ನು ಅಳೆದರೆ ಎಲ್ಲವೂ ನ್ಯಾಯವಾಗಿಯೇ ಕಾಣುತ್ತದೆ. ಆ ಸಂಶೋಧಕರು ಕಟುಕರಲ್ಲ, ಹೆಂಗಸರ ಜೀವ ಉಳಿಸಬೇಕೆಂದೇ ಹೊರಟವರು. ಒಳ್ಳೆಯ ಮನಸ್ಸಿನವರಿಗೂ ಈ ಅಳತೆಗೋಲು ಸಹಜವಾಗಿ ಕಂಡಿತಲ್ಲ, ನಮಗೆ ಭಯವಾಗುವುದು ಅದಕ್ಕೇ.

ಇನ್ನು ಲಸಿಕೆಯ ಕಥೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಸುಮಾರು 14 ಸಾವಿರ ಹುಡುಗಿಯರಿಗೆ, ಗುಜರಾತಿನ ವಡೋದರ ಜಿಲ್ಲೆಯಲ್ಲಿ ಸುಮಾರು 10 ಸಾವಿರ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆಯಿತು. 'ಪಾತ್' ಎಂಬ ಅಮೆರಿಕದ ಸಂಸ್ಥೆ, ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ, ರಾಜ್ಯ ಸರ್ಕಾರಗಳು ಸೇರಿ ಮಾಡಿದ್ದು. ಹುಡುಗಿಯರ ವಯಸ್ಸು 10ರಿಂದ 14. ಖಮ್ಮಂನಲ್ಲಿ ಬಹಳ ಮಂದಿ ಆಶ್ರಮ ಶಾಲೆ, ಹಾಸ್ಟೆಲುಗಳ ಆದಿವಾಸಿ, ದಲಿತ ಮಕ್ಕಳು. ಎರಡೂ ಕಡೆ ಸೇರಿ ಏಳು ಹುಡುಗಿಯರು ಸತ್ತ ಸುದ್ದಿ ಹಬ್ಬಿ, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಒಪ್ಪಿಗೆ ಪತ್ರಗಳ ಲೆಕ್ಕ ಕೊಟ್ಟಿತು. ಆಂಧ್ರದ 9,543 ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು. 2,763ರಲ್ಲಿ ಹಾಸ್ಟೆಲ್ ವಾರ್ಡನ್‌ಗಳ ಸಹಿ.

ಓದುವ ಮೇಷ್ಟ್ರುಗಳು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು. ನಾವೂ ಹಾಸ್ಟೆಲಿನಲ್ಲಿ ಬೆಳೆದವರು. ಅಲ್ಲಿ ಅಪ್ಪನ ಸಹಿ ಬೇಕಾದ ಕಡೆಯೆಲ್ಲ ವಾರ್ಡನ್ ಸಾಹೇಬರದೇ ಸಹಿ. ಒಂದು ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ ಸೂಜಿ ಹಾಕಿದರು. ನಮ್ಮಲ್ಲೊಬ್ಬ "ಯಾವ ಸೂಜಿ ಸಾರ್?" ಅಂದ. "ಅನ್ನ ಹಾಕೋ ಸರ್ಕಾರ ಸೂಜೀನೂ ಹಾಕ್ತದೆ, ಸುಮ್ನೆ ತೋಳು ಕೊಡೋ" ಅಂದರು. ಅವರು ಕೆಟ್ಟವರಲ್ಲ. ನಮಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತು ಗಂಜಿ ಕುಡಿಸಿದವರು. ಆದರೂ ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ಅನ್ನ ತಿಂದವನಿಗೆ ಕೇಳುವ ಹಕ್ಕಿಲ್ಲ. ಜೀತದ ಪತ್ರದಲ್ಲಿ ಬರೆದದ್ದೂ ಅದೇ.

ಸತ್ತ ಆ ಏಳು ಮಕ್ಕಳ ವಿಷಯ. ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಸಾವಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದಿತು. ನೀರಿನಲ್ಲಿ ಮುಳುಗಿ, ವಿಷ ಸೇರಿ, ಹಾವು ಕಚ್ಚಿ, ಮಲೇರಿಯಾ ಬಂದು, ಜ್ವರ ಏರಿ ಸತ್ತವರು ಎಂದಿತು. ನಾವು ಇದನ್ನು ಒಪ್ಪುತ್ತೇವೆ. ಆ ಲಸಿಕೆ ಲೋಕದಲ್ಲಿ ಕೋಟಿಗಟ್ಟಲೆ ಮಕ್ಕಳಿಗೆ ಬಿದ್ದಿದೆ, ಹೀಗೆ ಕೊಂದದ್ದು ಕಂಡಿಲ್ಲ. ಆದರೆ ಒಪ್ಪಿದ ಮೇಲೂ ಎದೆಯಲ್ಲಿ ಒಂದು ಮುಳ್ಳು ಉಳಿಯುತ್ತದೆ. ಲಸಿಕೆ ಕೊಲ್ಲಲಿಲ್ಲ ಎಂದಾಗ ವಿಜ್ಞಾನ ನಿಟ್ಟುಸಿರು ಬಿಟ್ಟಿತು. ಹನ್ನೆರಡು ವರ್ಷದ ಹುಡುಗಿ ಮಲೇರಿಯಾದಿಂದ ಸಾಯುವುದು, ವಿಷ ಕುಡಿಯುವುದು ಯಾರ ಸಂಶೋಧನೆಯ ವಿಷಯ? ಪ್ರಯೋಗದ ಒಳಗೆ ಸತ್ತರೆ ಸಮಿತಿ ಕೂರುತ್ತದೆ, ಪ್ರಯೋಗದ ಹೊರಗೆ ಸತ್ತರೆ ಅದು ಹಣೆಬರಹವಾಗುತ್ತದೆ.

ಇದೇ ಗಲಾಟೆಯಿಂದ ಇನ್ನೊಂದು ಸಂಶೋಧನೆಗೂ ಪೆಟ್ಟು ಬಿತ್ತು. ಅದು ಖಮ್ಮಂನದಲ್ಲ, ಬೇರೆಯದು. ಭಾರತದ ಒಂಬತ್ತು ಕಡೆ, ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡಲು ಹೊರಟದ್ದು. 2010ರಲ್ಲಿ ಲಸಿಕೆ ಹಾಕುವುದನ್ನೇ ನಿಲ್ಲಿಸಿದ್ದರಿಂದ ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಬಿದ್ದು ನಿಂತಿತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷ ವರ್ಷ ನೋಡಿಕೊಂಡು ಬಂದರು. 2021ರಲ್ಲಿ ಫಲಿತಾಂಶ ಬಂತು. ರೋಗ ತರುವ ಮುಖ್ಯ ಎರಡು ಬಗೆಯ ವೈರಸ್ ಮೈಯಲ್ಲಿ ನೆಲೆಯೂರದಂತೆ ತಡೆಯಲು ಒಂದು ಡೋಸೂ 95 ಪಾಲು ಕೆಲಸ ಮಾಡಿತ್ತು, ಎರಡು ಮೂರು ಡೋಸಿನಷ್ಟೇ. ಕೀನ್ಯಾ, ಕೋಸ್ಟರಿಕಾ ದೇಶಗಳ ಹೆಣ್ಣುಮಕ್ಕಳಿಂದಲೂ ಇಂಥದೇ ಸಾಕ್ಷಿ ಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕು ಎಂದು ಒಪ್ಪಿತು. ಹತ್ತಾರು ದೇಶಗಳು ಹಾಗೇ ಮಾಡಿದವು, ಖರ್ಚು ಇಳಿಯಿತು. ಯಾರೂ ಯೋಚಿಸಿ ಮಾಡದ ಪ್ರಯೋಗ ಇದು. ನಮ್ಮ ಮಕ್ಕಳ ಅರ್ಧಕ್ಕೆ ನಿಂತ ಲಸಿಕೆಯಿಂದ ಲೋಕದ ಬಡ ಮಕ್ಕಳಿಗೆ ಲಸಿಕೆ ಅಗ್ಗವಾಯಿತು.

ಈ ಲಸಿಕೆ ಕೆಲಸ ಮಾಡುತ್ತದೆ. 2024ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ವರದಿ ನೋಡಿ. ಅಲ್ಲಿ 12-13ನೇ ವಯಸ್ಸಿನಲ್ಲಿ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳ ಗುಂಪಿನಲ್ಲಿ ಈ ಕ್ಯಾನ್ಸರ್ ಒಬ್ಬರಿಗೂ ಕಂಡಿಲ್ಲ. ಭಾರತದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. 2023ರಲ್ಲಿ ಅದು ಖಾಸಗಿ ಮಾರುಕಟ್ಟೆಗೆ ಬಂದಾಗ ಡೋಸಿಗೆ 2 ಸಾವಿರ ರೂಪಾಯಿ. ಕೂಲಿಯವಳಿಗೆ ಅದು ಎಷ್ಟು ದಿನದ ದುಡಿಮೆ ಅಂತ ನೀವೇ ಲೆಕ್ಕ ಹಾಕಿ.

ಇಲ್ಲಿ ನಮ್ಮ ಎದುರಿಗೆ ಎರಡು ಬಗೆಯ ಮಾತುಗಳಿವೆ. ಫಲ ಒಳ್ಳೆಯದಾಯಿತಲ್ಲ, ಕೇಳಿದರೇನು ಬಿಟ್ಟರೇನು ಅನ್ನುವುದು ಒಂದು. ಲಸಿಕೆ ಅನ್ನುವುದೇ ನಮ್ಮ ಸಂತಾನ ಕೆಡಿಸುವ ಸಂಚು ಅನ್ನುವುದು ಇನ್ನೊಂದು. ಎರಡನೆಯದನ್ನು ನಮ್ಮ ಗೆಳೆಯರೇ ಕೆಲವರು ಆಡುತ್ತಾರೆ. ಎರಡೂ ಮಾತು ಕೊನೆಗೆ ಒಂದೇ ಕಡೆ ಹೋಗಿ ಸೇರುತ್ತವೆ. ಮೊದಲನೆಯದು ನಮ್ಮ ಮೈಯನ್ನು ತೆಗೆದುಕೊಳ್ಳುತ್ತದೆ. ಎರಡನೆಯದು ಆ ಮೈ ಗಳಿಸಿಕೊಟ್ಟದ್ದನ್ನು ನಮ್ಮ ಕೈಯಿಂದಲೇ ಬಿಸಾಡಿಸುತ್ತದೆ. ಉಸ್ಮಾನಾಬಾದಿನ ಹೆಂಗಸರು ಸತ್ತು ಕೊಟ್ಟ ತಿಳಿವಳಿಕೆಯನ್ನು ಬೇಡ ಅನ್ನಲು ನಾವು ಯಾರು? ಅದು ಕಂಪನಿಯ ಆಸ್ತಿಯಲ್ಲ, ನಮ್ಮ ಪಿತ್ರಾರ್ಜಿತ.

ಬಡವನಿಗೆ ಈ ದೇಶ ಯಾವತ್ತೂ ಹೇಳಿಕೊಟ್ಟದ್ದು ಒಂದೇ ಪಾಠ: ನೀನು ಋಣಿ. ಒಡೆಯನ ಅನ್ನಕ್ಕೆ ಋಣಿ, ಹಿಂದಿನ ಜನ್ಮದ ಕರ್ಮಕ್ಕೆ ಋಣಿ, ಸರ್ಕಾರದ ಹಾಸ್ಟೆಲಿಗೆ ಋಣಿ. ನಾವು ಲೆಕ್ಕದ ಪುಸ್ತಕವನ್ನು ತಿರುವಿ ಹಾಕಬೇಕು. ಈ ವಿಜ್ಞಾನ ನಮಗೆ ಋಣಿ. ಮನುಷ್ಯರ ಮೇಲೆ ಮಾಡುವ ಸಂಶೋಧನೆಗೆ ಲೋಕದ ವೈದ್ಯರು 1964ರಲ್ಲಿ ಹೆಲ್ಸಿಂಕಿಯಲ್ಲಿ ನೀತಿ ಬರೆದುಕೊಂಡರು. 2024ರಲ್ಲಿ ಅದನ್ನು ತಿದ್ದುವಾಗ 'ಸಬ್ಜೆಕ್ಟ್' ಎಂಬ ಮಾತನ್ನು ತೆಗೆದು 'ಪಾರ್ಟಿಸಿಪೆಂಟ್', ಅಂದರೆ ಪಾಲುಗೊಂಡವರು, ಎಂದು ಮಾಡಿದರು. ಸಂತೋಷ. ಆದರೆ ಹೆಸರು ಬದಲಿಸಿ ಕೇರಿಯನ್ನು ಇದ್ದಲ್ಲೇ ಬಿಡುವ ವಿದ್ಯೆ ನಾವು ಕಾಣದ್ದಲ್ಲ. ಪಾಲುಗೊಂಡವರು ಅನ್ನುವುದಾದರೆ ಪಾಲು ಎಲ್ಲಿ?

ಮೇಷ್ಟ್ರುಗಳೇ, ವಾರ್ಡನ್‌ಗಳೇ, ನಾಳೆ ನಿಮ್ಮ ಶಾಲೆಯ ಬಾಗಿಲಿಗೂ ಯಾವುದಾದರೂ ಕಾಗದ ಬರುತ್ತದೆ. ಅದು ಲಸಿಕೆಯದಾದರೆ ಹಾಕಿಸಿ. ತಾಯಂದಿರನ್ನು ಕರೆಸಿ, ಅವರ ಮಾತಿನಲ್ಲೇ ಹೇಳಿ ಹಾಕಿಸಿ. ಸಂಶೋಧನೆಯದಾದರೆ ಅವರ ಬದಲು ನೀವು ಸಹಿ ಹಾಕಬೇಡಿ. ಈ ಪ್ರಶ್ನೆಗಳನ್ನು ಜೋರಾಗಿ ಕೇಳಿಸಿ. ಇದೇನು? ಇದನ್ನು ಮೊದಲು ಯಾರಿಗೆ ಕೊಟ್ಟಿದ್ದಾರೆ? ಬೇಡ ಅಂದರೆ ಹಾಸ್ಟೆಲ್ ಸೀಟು, ರೇಷನ್ ಹೋಗುವುದಿಲ್ಲ ತಾನೆ? ಕೆಡುಕಾದರೆ ಹೊಣೆ ಯಾರು? ಗೆದ್ದರೆ ನಮ್ಮ ಕೇರಿಗೆ ಬರುವುದು ಯಾವಾಗ? 2019ರ ಔಷಧ ಪ್ರಯೋಗದ ನಿಯಮದಲ್ಲಿ ಹಾನಿಗೆ ಪರಿಹಾರ ಕೊಡಬೇಕೆಂದು ಇದೆ. ಕಾಗದದಲ್ಲಿ ಇರುವುದನ್ನು ಬಾಯಲ್ಲಿ ಕೇಳದಿದ್ದರೆ ಅದು ಕಾಗದದಲ್ಲೇ ಇರುತ್ತದೆ. ಬೇಡ ಅನ್ನಲು ಆಗದವನ ಹೂಂ ಅನ್ನುವುದನ್ನು ಒಪ್ಪಿಗೆ ಅಂತ ನಾವು ಒಪ್ಪಬಾರದು.

ಉಸ್ಮಾನಾಬಾದಿನ ಕಥೆಯನ್ನು ನಮ್ಮ ಕೇರಿಯ ಅಕ್ಕ ಒಬ್ಬರಿಗೆ ಹೇಳಿದೆವು. ರಾಗಿ ಕೇರುತ್ತಾ ಕೇಳಿಸಿಕೊಂಡರು. ಮುಗಿದ ಮೇಲೆ ಮೊರ ಕೆಳಗಿಟ್ಟು, "ಆ ಅರವತ್ನಾಕು ಜನದ ಹೆಸ್ರು ಎಲ್ಲಾದ್ರೂ ಬರ್ದವ್ರಾ ಮಗ?" ಅಂದರು. ಸಂಶೋಧನೆಯಲ್ಲಿ ಹೆಸರು ಹೊರಗೆ ಹೇಳಬಾರದು, ಅದು ಅವರ ಮಾನ ಕಾಯುವ ನಿಯಮ ಅಕ್ಕ, ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸ್ರು ಬರೀದಿದ್ರೆ ಬ್ಯಾಡ. ಅವ್ರ ಹೆಣ್ಮಕ್ಳಿಗಾದ್ರೂ ಆ ಪರೀಕ್ಸೆ ಮಾಡುದ್ರಾ?"

ಈ ಪ್ರಶ್ನೆಯನ್ನೇ ನಾವು ಪ್ರತಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು ಕೇಳಬೇಕಾಗಿದೆ.