ಕೇಳಿಸಿಕೊಂಡವರ ಋಣ

ಧಾರವಾಡದಲ್ಲಿ ಆಕಾಶವಾಣಿ ನಿಲಯವು ಆರಂಭವಾದದ್ದು 1950ರ ಜನವರಿ 8ರಂದು. ಆಗ ಧಾರವಾಡವೂ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡವು ಮೈಸೂರು ರಾಜ್ಯಕ್ಕೆ ಸೇರಿತು. ನಾವು ಈಚೆ ಉಳಿದೆವು. ಗಡಿರೇಖೆಯು ಮಧ್ಯಮ ತರಂಗಗಳನ್ನು ತಡೆಯಲಿಲ್ಲ. ಹಗಲಲ್ಲಿ ನೆಲ ಹಿಡಿದು ಬರುವ ಅವು ಕತ್ತಲಾದ ಮೇಲೆ ಆಕಾಶದ ಮೇಲ್ಪದರಕ್ಕೆ ತಾಗಿ ಮರಳಿ ಇನ್ನೂ ದೂರ ಸಾಗುತ್ತವೆ. ಬೀಸುವ ಪದ, ಹಂತಿಯ ಪದ, ಗೀಗೀ ಪದಗಳು ಹೀಗೆ ನಮ್ಮ ಮನೆಗಳಿಗೆ ಬಂದವು. ನೀವು ಯಾವ ರಾಜ್ಯದವರೆಂದು ಅವು ಕೇಳಲಿಲ್ಲ.

ಬೇಡದೆ ದೊರೆತದ್ದಕ್ಕೆ ಋಣವುಂಟೆ? ಗಾಳಿಯಲ್ಲಿ ಬಂದದ್ದು ಎಲ್ಲರದು, ಅದಕ್ಕೆ ಲೆಕ್ಕವೇಕೆ ಎನ್ನಬಹುದು. ಆ ಪದಗಳು ಮೊದಲೇ ನಮ್ಮವು, ನಮ್ಮದನ್ನು ನಮಗೇ ಕೇಳಿಸಿದರೆ ಋಣವೆಲ್ಲಿಯದು ಎಂದೂ ವಾದಿಸಬಹುದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ.

ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿಯು ಕೇಳುಗಳಾಗಿರಲಿಲ್ಲ. ತನ್ನ ತವರನ್ನೂ ಅಣ್ಣತಮ್ಮಂದಿರನ್ನೂ ಪದದೊಳಗೆ ಸೇರಿಸಿ ಹಾಡುತ್ತಿದ್ದಳು. ಎದುರು ಕುಳಿತವಳು ಮುಂದಿನ ನುಡಿಯನ್ನು ಎತ್ತಿಕೊಳ್ಳುತ್ತಿದ್ದಳು. ರೇಡಿಯೊದಲ್ಲಿ ಬಂದ ಪದದೊಳಗೆ ನಮ್ಮ ಹೆಸರಿಗೆ ಎಡೆಯಿರಲಿಲ್ಲ. ಇದಕ್ಕಾಗಿ ನಿಲಯವನ್ನು ದೂರುವುದು ನ್ಯಾಯವಲ್ಲ. ಕಲ್ಲನ್ನು ನಿಲ್ಲಿಸಿದ್ದು ಹಿಟ್ಟಿನ ಗಿರಣಿ. ಅದರಿಂದ ಹೆಂಗಸರ ರಟ್ಟೆಗೆ ಬಿಡುವು ದೊರೆಯಿತು. ಅದು ಕೆಟ್ಟದ್ದೆನ್ನುವವರು ಕಲ್ಲನ್ನು ಎಂದೂ ತಿರುವಿದವರಲ್ಲ. ಕೆಲಸ ಹೋದ ಮೇಲೂ ಪದವು ಕಿವಿಯಲ್ಲಿ ಉಳಿಯುವಂತೆ ಮಾಡಿದ್ದು ರೇಡಿಯೊವೇ.

ತಪ್ಪಿದವರು ನಾವು. ಹಾಡಲು ರೇಡಿಯೊ ಇದೆಯೆಂದು ನಾವು ಸುಮ್ಮನಾದೆವು. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತರು. ಈ ನೆಲದಲ್ಲಿ ಬಾಳುವವರು ಅದನ್ನು ಕಲಿಯಬೇಕಾದದ್ದೇ. ಆದರೆ ಮನೆಯಲ್ಲಿ ನಾವು ಬಾಯಿಂದ ಕಲಿಸಬೇಕಾಗಿದ್ದ ಕನ್ನಡವನ್ನು ಪೆಟ್ಟಿಗೆಗೆ ಒಪ್ಪಿಸಿದೆವು. ಈಗ ಮೊಬೈಲಿಗೆ ಒಪ್ಪಿಸಿದ್ದೇವೆ. ಬೇಕಾದಾಗ ಸಿಗುತ್ತದೆಂಬ ಭರವಸೆಯೇ ಕಲಿಯುವ ಅಗತ್ಯವನ್ನು ಮರೆಸಿದೆ.

ಈ ಋಣವು ಧಾರವಾಡಕ್ಕೆ ಹಿಂದಿರುಗಿಸುವಂಥದಲ್ಲ, ಮುಂದಿನವರಿಗೆ ಸಲ್ಲಿಸುವಂಥದು ಎಂದು ನಾವು ತಿಳಿಯುತ್ತೇವೆ. ನಾಲ್ಕು ನುಡಿ ನೆನಪಿರುವ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಸಮ್ಮೇಳನ ಮುಗಿಸಿ ಮರಳಿದ ಮೇಲೆ ಮಕ್ಕಳೊಡನೆ ಅವರ ಬಳಿ ಕುಳಿತು ಒಂದು ಪದವನ್ನಾದರೂ ಕಲಿಯೋಣ. ಕಂಠ ಸರಿಯಿಲ್ಲವೆಂಬ ಸಂಕೋಚ ಬೇಡ. ಧ್ವನಿಪರೀಕ್ಷೆ ಇದ್ದದ್ದು ನಿಲಯದಲ್ಲಿ, ಬೀಸುವ ಕಲ್ಲಿನ ಮುಂದಲ್ಲ. ಹಾಡುವಾಗ ನಮ್ಮ ಊರಿನ ಹೆಸರನ್ನು ಆ ಪದದೊಳಗೆ ಸೇರಿಸೋಣ.