ಹಿಮಾಲಯದ ಕಾರ್ತಿಕ ಸ್ವಾಮಿ ಬೆಟ್ಟ: ಒಂದು ಯಾತ್ರೆ, ಒಂದು ಋಣ

॥ ಶ್ರೀ ಸುಬ್ರಹ್ಮಣ್ಯಾಯ ನಮಃ ॥

ಮೆಟ್ಟಿಲು ಹತ್ತಿ ಬಂದಿದ್ದೀರಿ. ಬೆವರು ಒರೆಸಿಕೊಂಡು, ಸ್ವಾಮಿಯ ದರ್ಶನ ಮಾಡಿ, ಪ್ರಸಾದ ತಗೊಂಡು, ಈಗ ನೆರಳಲ್ಲಿ ಕೂತು ಈ ಪುಸ್ತಕ ತಿರುವಿ ಹಾಕುತ್ತಾ ಇದ್ದೀರಿ. ಉಸಿರು ಒಂದು ಹದಕ್ಕೆ ಬರುವವರೆಗೆ ನಿಮ್ಮ ಹತ್ತಿರ ಒಂದು ಮಾತು ಆಡಬೇಕು. ಇದೇ ಸ್ವಾಮಿ ಇನ್ನೊಂದು ಬೆಟ್ಟದ ಮೇಲೂ ಇದ್ದಾನೆ. ಬಹಳ ದೂರ, ಹಿಮಾಲಯದಲ್ಲಿ. ಅಲ್ಲಿಗೆ ಹೋಗಿಬಂದವನು ನಾನು. ಅಲ್ಲಿ ಏನು ನೋಡಿದೆ ಅನ್ನುವುದಕ್ಕಿಂತ ಅಲ್ಲಿಂದ ಏನು ಕಲಿತು ಬಂದೆ ಅನ್ನುವುದನ್ನು ಹೇಳಿಬಿಡಬೇಕು ಅಂತ ಆಸೆ.

ಕ್ಷೇತ್ರ ಎಲ್ಲಿದೆ?

ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ ಈ ಕ್ಷೇತ್ರ ಇದೆ. ಋಷಿಕೇಶದಿಂದ ಗಂಗೆಯ ದಡ ಹಿಡಿದು ಮೇಲಕ್ಕೆ ಹೋದರೆ ಮೊದಲು ದೇವಪ್ರಯಾಗ ಸಿಗುತ್ತದೆ. ಭಾಗೀರಥಿ, ಅಲಕನಂದಾ ಎರಡೂ ಸೇರಿ ಗಂಗೆ ಅನ್ನೋ ಹೆಸರು ಪಡೆಯುವುದು ಅಲ್ಲೇ. ಆಮೇಲೆ ಶ್ರೀನಗರ, ಆಮೇಲೆ ಮಂದಾಕಿನಿ ಬಂದು ಅಲಕನಂದೆಗೆ ಸೇರುವ ರುದ್ರಪ್ರಯಾಗ. ಕೇದಾರ, ಬದರಿಗೆ ಹೋಗುವ ನಮ್ಮ ಜನ ಈ ಊರನ್ನು ದಾಟಿಯೇ ಹೋಗುತ್ತಾರೆ. ಆದರೆ ಅಲ್ಲಿಂದ ಸುಮಾರು 40 ಕಿ.ಮೀ. ದೂರದಲ್ಲಿ, ಪೋಖ್ರಿ ಕಡೆಯ ರಸ್ತೆಯಲ್ಲಿ, ಕನಕಚೌರಿ ಅನ್ನೋ ಸಣ್ಣ ಊರಿದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ವಾಹನ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಸುಮಾರು 3 ಕಿ.ಮೀ. ಕಾಲ್ನಡಿಗೆ. ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,050 ಮೀಟರು. ಬೆಟ್ಟಕ್ಕೆ ಕ್ರೌಂಚ ಪರ್ವತ ಅಂತ ಹೆಸರು. ಸ್ವಾಮಿಯನ್ನು ಅಲ್ಲಿಯ ಜನ ಕಾರ್ತಿಕ ಸ್ವಾಮಿ ಅಂತ ಕರೆಯುತ್ತಾರೆ.

ನಮ್ಮ ಸುಬ್ರಹ್ಮಣ್ಯ, ನಮ್ಮ ಕುಮಾರಸ್ವಾಮಿ, ನಮ್ಮ ಷಣ್ಮುಖನೇ ಅವನು. ಆದರೆ ದಕ್ಷಿಣದಲ್ಲಿ ವಲ್ಲಿ ದೇವಸೇನೆಯರ ಜೊತೆ ಸಂಸಾರಿಯಾಗಿ ನಿಂತವನು ಅಲ್ಲಿ ಬ್ರಹ್ಮಚಾರಿ, ಒಂಟಿ. ಯಾಕೆ ಒಂಟಿ ಅನ್ನುವುದೇ ಕಥೆ.

ಹೊರಡುವ ಮುಂಚೆ

2018ರ ಅಕ್ಟೋಬರ್ ತಿಂಗಳು. ಟಿಕೆಟ್ ಆಗಿತ್ತು, ಸ್ವೆಟರು ಶಾಲು ಎಲ್ಲಾ ಕಟ್ಟಿ ಆಗಿತ್ತು. ನಮ್ಮ ತಾಯಿಗೆ ಆಗ 78 ವರ್ಷ. ಮಂಡಿ ನೋವು. ಹೊರಡುವುದಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಅವರು, "ಒಂದಿನ ನಮ್ಮ ಸ್ವಾಮಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯಾ? ಹತ್ತು ವರ್ಷ ಆಯ್ತು ನೋಡಿ" ಅಂತ ಕೇಳಿದರು. ಅವರು ಹೇಳಿದ್ದು ಇದೇ ಬೆಟ್ಟ, ನೀವೀಗ ಕೂತಿರುವ ಬೆಟ್ಟ. ನಮ್ಮೂರಿಂದ ಅರ್ಧ ದಿನದ ದಾರಿ. ನಾನು, "ಈಗ ಆಗಲ್ಲಮ್ಮ, ಹಿಮಾಲಯಕ್ಕೆ ಹೋಗಿ ಬಂದಮೇಲೆ ನೋಡೋಣ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಆಯ್ತು, ಹೋಗಿ ಬಾ" ಅಂದರು. ಅಷ್ಟೇ.

ನನಗೂ ಅದು ದೊಡ್ಡ ಮಾತು ಅನ್ನಿಸಲಿಲ್ಲ. ದೇವರ ಕೆಲಸಕ್ಕೆ ತಾನೇ ಹೋಗ್ತಿರೋದು ಅಂತ ಸಮಾಧಾನ ಮಾಡಿಕೊಂಡೆ. ನಾವು ಎಷ್ಟು ಸಲ ಹೀಗೆ ಸಮಾಧಾನ ಮಾಡಿಕೊಳ್ಳುತ್ತೇವೆ, ಯೋಚನೆ ಮಾಡಿ.

ಕಾಡಿನ ದಾರಿ

ಕನಕಚೌರಿಯಿಂದ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ಕೈಯಲ್ಲಿ ಟಾರ್ಚು. ದಾರಿಯ ಎರಡೂ ಕಡೆ ದಟ್ಟ ಕಾಡು. ಅಲ್ಲಿಯವರು ಬಾಂಜ್ ಅನ್ನುವ ಓಕ್ ಮರ, ಬುರಾಂಶ್ ಅನ್ನುವ ಕೆಂಪು ಹೂವಿನ ಮರ. ಬುರಾಂಶ್ ಉತ್ತರಾಖಂಡದ ರಾಜ್ಯವೃಕ್ಷ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋದರೆ ಬೆಟ್ಟ ಕುಂಕುಮ ಚೆಲ್ಲಿದ ಹಾಗೆ ಇರುತ್ತದಂತೆ. ನಾವು ಹೋದಾಗ ಹೂವಿರಲಿಲ್ಲ, ಎಲೆ ಮೇಲಿನ ಇಬ್ಬನಿ ಮಾತ್ರ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಎತ್ತರದಲ್ಲಿ ಗಾಳಿ ತೆಳು. ಇಪ್ಪತ್ತು ಹೆಜ್ಜೆಗೆ ಒಮ್ಮೆ ನಿಲ್ಲಬೇಕು. ಯಾರೂ ಮಾತಾಡಲಿಲ್ಲ. ಮಾತಾಡಲಿಕ್ಕೆ ಉಸಿರಿದ್ದರೆ ತಾನೇ!

ಕೊನೆಗೆ ಕಾಡು ತೆಳುವಾಗಿ ಬೆಟ್ಟದ ಏಣು ಬರುತ್ತದೆ. ಕತ್ತಿಯ ಬಾಯಿಯ ಹಾಗೆ ಸಣ್ಣ ದಾರಿ, ಎಡಕ್ಕೂ ಬಲಕ್ಕೂ ಕಣಿವೆ. ಆಮೇಲೆ ಮೆಟ್ಟಿಲು. ಗುಡಿ ಕಾಣುವ ಮುಂಚೆಯೇ ನಮಗೆ ಗಂಟೆ ಕೇಳಿಸಿತು. ಹರಕೆ ತೀರಿದವರು ಕಟ್ಟಿದ ಗಂಟೆಗಳು ಅಲ್ಲಿ ಲೆಕ್ಕವಿಲ್ಲದಷ್ಟು ತೂಗುತ್ತಿವೆ. ಗಾಳಿ ಬೀಸಿದರೆ ತಾವೇ ನುಡಿಯುತ್ತವೆ.

ಬೆಳಕು ಹರಿಯಿತು. ಎದುರಿಗೆ ಚೌಖಂಬಾ ಶಿಖರ, 7,138 ಮೀಟರು, ನಾಲ್ಕು ಕಂಬ ನಿಲ್ಲಿಸಿದ ಹಾಗೆ. ಹಿಮದ ಸಾಲಿಗೆ ಸಾಲೇ ಬಂಗಾರವಾಯಿತು. ಆ ನೋಟವನ್ನು ನಾನು ಬರೆದು ತೋರಿಸಲಾರೆ. ಕೈ ತಾನಾಗಿ ಮುಗಿಯುತ್ತದೆ.

ಅರ್ಚಕರು ಹೇಳಿದ ಕಥೆ

ಗುಡಿ ಚಿಕ್ಕದು. ಅರ್ಚಕರು ಹಿಂದಿಯಲ್ಲಿ ಕ್ಷೇತ್ರದ ಕಥೆ ಹೇಳಿದರು. ಅರ್ಧ ಕಥೆ ನಿಮಗೂ ಗೊತ್ತು. ಲೋಕವನ್ನು ಯಾರು ಮೊದಲು ಪ್ರದಕ್ಷಿಣೆ ಮಾಡಿ ಬರುತ್ತೀರಿ ಅಂತ ಶಿವಪಾರ್ವತಿಯರು ಇಬ್ಬರು ಮಕ್ಕಳಿಗೂ ಪಂದ್ಯ ಇಟ್ಟರು. ಗೆದ್ದವನಿಗೆ ಹಣ್ಣು ಅಂತ ಕೆಲವರು ಹೇಳುತ್ತಾರೆ, ಅಗ್ರಪೂಜೆ ಅಂತ ಕೆಲವರು, ಮೊದಲು ಮದುವೆ ಅಂತ ಪುರಾಣ. ಕುಮಾರ ನವಿಲೇರಿ ಹೊರಟ. ಗಣಪತಿ ಅಪ್ಪ ಅಮ್ಮನನ್ನೇ ಸುತ್ತಿ ಕೈಮುಗಿದ, ಗೆದ್ದ. ಕುಮಾರ ಇಡೀ ಲೋಕ ಸುತ್ತಿ, ದಣಿದು ಬಂದು ನೋಡಿದರೆ ಪಂದ್ಯ ಮುಗಿದೇ ಹೋಗಿದೆ!

ನಾವು ಈ ಕಥೆಯನ್ನು ಮಕ್ಕಳಿಗೆ ಇಲ್ಲಿಗೇ ನಿಲ್ಲಿಸುತ್ತೇವೆ. ಗಣಪತಿ ಜಾಣ ಅಂತ ಹೇಳಿ ನಗುತ್ತೇವೆ. ಆ ಬೆಟ್ಟದ ಕಥೆ ಮಾತ್ರ ಇಲ್ಲಿಂದ ಶುರುವಾಗುತ್ತದೆ.

ಕುಮಾರನಿಗೆ ನೋವಾಯಿತು. ಕೈಲಾಸ ಬಿಟ್ಟು ಹೊರಟ. ಹೊರಡುವಾಗ ತನ್ನ ಶರೀರದ ಮಾಂಸವನ್ನು ತಾಯಿಗೆ ಒಪ್ಪಿಸಿದ, ಅಸ್ಥಿಯನ್ನು ತಂದೆಗೆ ಒಪ್ಪಿಸಿದ. ಕ್ರೌಂಚ ಪರ್ವತದ ಮೇಲೆ ಪೂಜೆಗೊಳ್ಳುವುದು ಆ ಅಸ್ಥಿರೂಪದ ಸ್ವಾಮಿ ಅಂತ ಅಲ್ಲಿಯ ನಂಬಿಕೆ. ಗರ್ಭಗುಡಿಯ ಶಿಲೆ ನೋಡಿದಾಗ ಮೈ ಜುಮ್ ಅಂದಿತು.

ಇದರ ಅರ್ಥ ಏನು? ನಮ್ಮ ಆಯುರ್ವೇದದ ಹಿರಿಯರು ಶರೀರವನ್ನು ಎರಡು ಭಾಗ ಮಾಡಿ ಹೇಳಿದ್ದಾರೆ. ರಕ್ತ, ಮಾಂಸ, ಹೃದಯ, ಹೀಗೆ ಮೆತ್ತಗಿರುವುದೆಲ್ಲ ತಾಯಿಯಿಂದ ಬಂದದ್ದು, ಮಾತೃಜ. ಮೂಳೆ, ಹಲ್ಲು, ಉಗುರು, ಹೀಗೆ ಗಟ್ಟಿ ಇರುವುದು ತಂದೆಯಿಂದ ಬಂದದ್ದು, ಪಿತೃಜ. ಹಾಗಾದರೆ ಕುಮಾರ ಮಾಡಿದ್ದೇನು? ಯಾರು ಏನು ಕೊಟ್ಟಿದ್ದರೋ ಅದನ್ನು ಅವರಿಗೇ ತಿರುಗಿ ಒಪ್ಪಿಸಿದ. ಅದು ಸಿಟ್ಟಿನಲ್ಲಿ ಮಾಡಿದ್ದೇ ಇರಬಹುದು. ಆದರೆ ಸಿಟ್ಟಿನಲ್ಲೂ ಅವನು ಋಣ ಮರೆಯಲಿಲ್ಲ. ಲೆಕ್ಕ ತೀರಿಸದೆ ಬಾಗಿಲು ದಾಟಲಿಲ್ಲ. ಸನ್ಯಾಸ ಅಂದರೆ ಬಿಟ್ಟು ಓಡೋದಲ್ಲ, ಕೊಟ್ಟು ಹೊರಡೋದು.

ಕಥೆ ಮುಗಿಸಿ ಅರ್ಚಕರು ನನ್ನನ್ನು, "ಮನೆಯಲ್ಲಿ ಮಾತಾಜಿ ಇದ್ದಾರಾ?" ಅಂತ ಕೇಳಿದರು. ಇದ್ದಾರೆ ಅಂದೆ. ಪ್ರಸಾದದ ಇನ್ನೊಂದು ಪೊಟ್ಟಣ ಕಟ್ಟಿ ಕೈಗಿಟ್ಟು, "ಇದು ಅವರಿಗೆ. ನೀವೇ ಕೈಯಾರೆ ಕೊಡಿ, ಬೇರೆಯವರ ಕೈಲಿ ಕಳಿಸಬೇಡಿ" ಅಂದರು. ಅವರು ಎಲ್ಲರಿಗೂ ಹೇಳುವ ಮಾತೇ ಇರಬೇಕು. ನನಗೆ ಮಾತ್ರ ಅದು ಚುಚ್ಚಿತು. ಅಷ್ಟೊಂದು ಗಂಟೆ ನುಡಿಯುತ್ತಿದ್ದ ಜಾಗದಲ್ಲಿ "ಆಯ್ತು, ಹೋಗಿ ಬಾ" ಅನ್ನೋ ಒಂದೇ ಮಾತು ಕಿವಿಯಲ್ಲಿ ಕೂತಿತು.

ಬೆಟ್ಟದ ಮಾಂಸ, ಬೆಟ್ಟದ ಮೂಳೆ

ಇಳಿಯುವಾಗ ಹಗಲು. ಕಾಡನ್ನು ಕಣ್ಣಾರೆ ಕಂಡೆ. ಬೆಟ್ಟಕ್ಕೆ ಕಲ್ಲು ಮೂಳೆಯಾದರೆ ಕಾಡೇ ಮಾಂಸ ಅನ್ನಿಸಿತು. ಪಕ್ಕದ ಚಮೋಲಿ ಜಿಲ್ಲೆಯ ರೇಣಿ ಗ್ರಾಮದಲ್ಲಿ 1974ರ ಮಾರ್ಚ್ 26ರಂದು ಮರ ಕಡಿಯುವವರು ಬಂದಾಗ, ಗೌರಾ ದೇವಿ ಎಂಬ ತಾಯಿ ಊರ ಹೆಂಗಸರನ್ನು ಕಟ್ಟಿಕೊಂಡು ಮರಗಳಿಗೆ ಅಡ್ಡ ನಿಂತರು. ಅದೇ ಚಿಪ್ಕೋ. ಈ ಕಾಡು ನಮಗೆ ತವರುಮನೆ ಅನ್ನುವುದು ಅವರ ಭಾವನೆಯಾಗಿತ್ತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡು ಉಳಿಸಿಕೊಂಡ, ಕರಾವಳಿಯಲ್ಲಿ ನಾಗಬನಕ್ಕೆ ಕೊಡಲಿ ಹಾಕದ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ತವರಿಗೆ ಹೋದವರು ಅಲ್ಲಿ ಕಸ ಎಸೆದು ಬರುತ್ತಾರಾ? ಅಲ್ಲಿ ಹೋದರೂ, ಇಲ್ಲಿ ಬಂದರೂ, ನೀರಿನ ಬಾಟಲಿ, ಪ್ಲಾಸ್ಟಿಕ್ ಕವರು ನಿಮ್ಮ ಜೊತೆಯಲ್ಲೇ ಕೆಳಗೆ ಇಳಿಯಲಿ. ಇದೂ ಋಣವೇ.

ಮಗ ತಿರುಗಿ ನೋಡದಿದ್ದರೂ

ಕಥೆಯ ಇನ್ನೊಂದು ತುದಿ ನಮ್ಮ ದಕ್ಷಿಣದಲ್ಲಿದೆ. ಮುನಿಸಿಕೊಂಡು ಹೋದ ಮಗನನ್ನು ಹುಡುಕಿಕೊಂಡು ತಂದೆ ತಾಯಿಯೇ ಕ್ರೌಂಚ ಪರ್ವತಕ್ಕೆ ಬಂದರು ಅಂತ ಶಿವಪುರಾಣದಲ್ಲಿ ಇದೆ. ಅವರು ಬರುವುದು ಕಂಡು ಮಗ ಇನ್ನೂ ದೂರ ಹೋದ. ಆದರೂ ಅವರು ಹಿಂದಿರುಗಲಿಲ್ಲ, ಅಲ್ಲೇ ಜ್ಯೋತಿರೂಪವಾಗಿ ನೆಲೆಸಿದರು. ಅದೇ ಶ್ರೀಶೈಲದ ಮಲ್ಲಿಕಾರ್ಜುನ. ಇವತ್ತಿಗೂ ಮಗನನ್ನು ನೋಡಲು ಅಮಾವಾಸ್ಯೆಯ ದಿನ ತಂದೆ ಹೋಗುತ್ತಾನೆ, ಹುಣ್ಣಿಮೆಯ ದಿನ ತಾಯಿ ಹೋಗುತ್ತಾಳೆ ಅಂತ ಪುರಾಣ ಹೇಳುತ್ತದೆ. ಹಿಮಾಲಯದ ಆ ಬೆಟ್ಟದಲ್ಲಿ ದೊಡ್ಡ ಜಾತ್ರೆ ನಡೆಯುವುದೂ ಕಾರ್ತಿಕ ಹುಣ್ಣಿಮೆಗೇ. ಇನ್ನು ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಹೋಗಿ ನೋಡಿ. ಕಾಡುಬೆಟ್ಟದ ಮೇಲೆ ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲೇ ತಾಯಿ ಪಾರ್ವತಿಯ ಗುಡಿ. ಮಗ ಎಲ್ಲಿದ್ದರೂ ತಾಯಿ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ದೇವರಾದರೂ ಅಷ್ಟೇ, ಮನುಷ್ಯರಾದರೂ ಅಷ್ಟೇ.

ಪ್ರದಕ್ಷಿಣೆ ಅಂದರೆ ಏನು? ಹೊರಟ ಜಾಗಕ್ಕೇ ಬಂದು ಸೇರೋದು. ಗಣಪತಿಯದು ಮೂರು ಹೆಜ್ಜೆಯ ಪ್ರದಕ್ಷಿಣೆ, ಕುಮಾರನದು ಲೋಕದಷ್ಟು ದೊಡ್ಡ ಪ್ರದಕ್ಷಿಣೆ. ಎರಡರ ನಡುವೆಯೂ ಕೂತಿದ್ದವರು ಅದೇ ಅಪ್ಪ ಅಮ್ಮ. ಯಾತ್ರೆ ಹೋಗಬೇಡಿ ಅಂತ ನಾನು ಹೇಳ್ತಾ ಇಲ್ಲ. ಹೋಗಿ, ಖಂಡಿತ ಹೋಗಿ. ಮಳೆಗಾಲದಲ್ಲಿ ಮಾತ್ರ ಬೇಡ, ಗುಡ್ಡ ಕುಸಿಯುತ್ತದೆ. ಹೃದಯದ ತೊಂದರೆ, ಉಬ್ಬಸ ಇದ್ದವರು ವೈದ್ಯರನ್ನು ಕೇಳಿ ಹೊರಡಿ. ಉಣ್ಣೆ ಬಟ್ಟೆ, ಒಂದು ಊರುಗೋಲು ಇರಲಿ. ಆದರೆ ಮನೆಯಲ್ಲಿ ಬಾಕಿ ಇಟ್ಟು ಹೋದರೆ ಎಷ್ಟೇ ಎತ್ತರ ಹತ್ತಿದರೂ ಯಾತ್ರೆ ಅರ್ಧಕ್ಕೇ ನಿಲ್ಲುತ್ತದೆ.

ಈ ಬೆಟ್ಟದ ಬುಡದಲ್ಲಿ

ಊರಿಗೆ ಬಂದು ಪ್ರಸಾದವನ್ನು ಅಮ್ಮನ ಕೈಗೆ ಕೊಟ್ಟೆ. ಮುಂದಿನ ಮಂಗಳವಾರವೇ ಜೀಪು ಮಾಡಿ ಅವರನ್ನು ಇಲ್ಲಿಗೆ ಕರೆತಂದೆ. ನನ್ನ ಭುಜ ಹಿಡಿದು ಹನ್ನೊಂದು ಮೆಟ್ಟಿಲು ಹತ್ತಿದರು, ಮುಂದೆ ಆಗಲಿಲ್ಲ. ಕೆಳಗೆ ಅಶ್ವತ್ಥಕಟ್ಟೆ ಇದೆಯಲ್ಲ, ನಾಗರಕಲ್ಲುಗಳ ಪಕ್ಕ, ನೀವೂ ದಾಟಿಯೇ ಬಂದಿದ್ದೀರಿ, ಅಲ್ಲಿ ಕೂರಿಸಿದೆ. "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ" ಅಂದರು. ಮತ್ತೆ ಅದೇ ಮಾತು! ಅವತ್ತು ನಾನು ಹೋಗಲಿಲ್ಲ. ಪಕ್ಕದಲ್ಲೇ ಕೂತೆ. ಬುತ್ತಿ ಬಿಚ್ಚಿ ಮೊಸರನ್ನ ತಿಂದೆವು. ಬೆಟ್ಟದ ಕಡೆ ನೋಡುತ್ತಾ ಅವರು, "ನಿನ್ನ ಮೊದಲನೇ ಮುಡಿ ಕೊಡೋಕೆ ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ಇದನ್ನ ಪೂರ್ತಿ ಹತ್ತಿದ್ದೆ ಕಣೋ. ದಾರಿಯುದ್ದಕ್ಕೂ ಅತ್ತೆ ನೀನು" ಅಂತ ನಕ್ಕರು. ಐವತ್ತು ವರ್ಷ ನನಗೆ ಆ ವಿಷಯವೇ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಎರಡು ವರ್ಷದ ಮೇಲೆ ಅಮ್ಮ ಹೋದರು. ಹಿಮಾಲಯದ ಬೆಳಕು ಈಗ ಸ್ವಲ್ಪ ಸ್ವಲ್ಪ ಮಾಸುತ್ತಿದೆ. ಆ ಕಟ್ಟೆಯ ಮಧ್ಯಾಹ್ನ ಮಾಸಿಲ್ಲ. ಕೇಳಿದ ದಿನವೇ ಕರೆತರಬಹುದಿತ್ತು. ಸ್ವಾಮಿ ನನಗೆ ಇನ್ನೊಂದು ಅವಕಾಶ ಕೊಟ್ಟ. ಎಲ್ಲರಿಗೂ ಕೊಡುತ್ತಾನೆ ಅಂತ ಹೇಳಲಾರೆ.

ಭಕ್ತಬಾಂಧವರೇ, ಬರುವಾಗ ಕೆಳಗೆ ಕಟ್ಟೆ ಮೇಲೆ ಯಾರನ್ನಾದರೂ ಕೂರಿಸಿ ಬಂದಿದ್ದೀರಾ? ಹಾಗಿದ್ದರೆ ಪುಸ್ತಕ ಮಡಚಿ, ಪ್ರಸಾದ ತಗೊಂಡು ಇಳಿಯಿರಿ. ಅವರ ಪಕ್ಕ ಒಂದು ಗಳಿಗೆ ಕೂರಿ. ಮನೆಯಲ್ಲಿ ಬಿಟ್ಟು ಬಂದಿದ್ದರೆ ಅವರ ಪಾಲಿನ ಪ್ರಸಾದ ಬೇರೆಯಾಗಿ ಕಟ್ಟಿಸಿ, ಕೈಯಾರೆ ಕೊಡಿ. ತಂದೆ ತಾಯಿ ಇಲ್ಲದವರಿಗೆ ಸಾಕಿದವರು, ಓದಿಸಿದವರು, ಅನ್ನ ಹಾಕಿದವರು ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ಕೊಡಿ. ನಿಮ್ಮ ಪ್ರದಕ್ಷಿಣೆ ಅಲ್ಲಿಗೆ ಪೂರ್ತಿಯಾಗುತ್ತದೆ.

ಕ್ರೌಂಚಗಿರಿಯಲ್ಲೂ ಈ ಗಿರಿಯಲ್ಲೂ ನೆಲೆಸಿರುವ ಸ್ವಾಮಿ ನಿಮ್ಮೆಲ್ಲರಿಗೂ ಆಯುರಾರೋಗ್ಯ ಕೊಟ್ಟು, ಕ್ಷೇಮವಾಗಿ ಮನೆ ಮುಟ್ಟಿಸಲಿ.

॥ ಶುಭಮಸ್ತು ॥