ಪ್ರಸಾದವೂ ಪಥ್ಯವೂ

ಪ್ರಸಾದವೆಂದು ಸ್ವೀಕರಿಸುವವನಿಗೆ ಆಯ್ಕೆಯುಂಟೆ? ಬಂದುದನ್ನು ಲಿಂಗಕ್ಕೆ ಅರ್ಪಿಸಿ, ರುಚಿ ಅರುಚಿಗಳನ್ನೆಣಿಸದೆ ಕೊಳ್ಳುವುದೇ ಭಕ್ತನ ಲಕ್ಷಣವಾದರೆ, ಇದು ಹಿತ, ಇದು ಅಹಿತವೆಂದು ಅಳೆದು ಉಣ್ಣುವುದು ಭಕ್ತಿಗೆ ಕುಂದಲ್ಲವೆ ಎಂಬ ಸಂದೇಹವು ಅನೇಕ ಗೃಹಸ್ಥರನ್ನು ಕಾಡುವುದುಂಟು. ಮಧುಮೇಹವುಳ್ಳವರು ಪಂಕ್ತಿಯಲ್ಲಿ ಪಾಯಸ ಬಂದಾಗ ಬೇಡವೆನ್ನಲು ಅಳುಕುತ್ತಾರೆ. ಎಲೆಗೆ ಬಿದ್ದುದನ್ನು ಬಿಡಲಂತೂ ಆರರು. ಈ ಎರಡು ಅಳುಕುಗಳ ನಡುವೆ ಕಾಯವು ಸವೆಯುತ್ತದೆ, ಕಾಯದೊಡನೆ ಕಾಯಕವೂ.

ಶರಣರ ವಿಚಾರದಲ್ಲಿ ಪದಾರ್ಥವೇ ಬೇರೆ, ಪ್ರಸಾದವೇ ಬೇರೆ. ಅರ್ಪಿತವಾಗುವ ಮುನ್ನ ಅದು ಪದಾರ್ಥ. ಅರ್ಪಿತವಾದ ಬಳಿಕ ಪ್ರಸಾದ. ಪ್ರಸಾದದಲ್ಲಿ ಆಯ್ಕೆಯಿಲ್ಲವೆಂಬುದು ದಿಟ. ಪದಾರ್ಥದಲ್ಲಿಯಾದರೋ ಆಯ್ಕೆಯು ಕರ್ತವ್ಯವೇ ಆಗಿದೆ. ಅರ್ಪಿಸುವಲ್ಲಿ ಅವಧಾನವಿರಬೇಕೆಂಬುದು ವಚನಕಾರರ ಉಪದೇಶ. ಸಂತೆಯಲ್ಲಿ ಕೊಳ್ಳುವಾಗ, ಒಲೆಯ ಮುಂದೆ ಉಪ್ಪು ಹಾಕುವಾಗ, ಬಡಿಸುವ ಮುನ್ನವೇ ಕೈಮುಗಿದು ಸಾಕೆನ್ನುವಾಗ ಆ ಅವಧಾನಕ್ಕೆ ಎಡೆಯುಂಟು. ಅಲ್ಲೆಲ್ಲ ಕಣ್ಣುಮುಚ್ಚಿ, ನಾಲಗೆ ಬೇಡಿದುದನ್ನೇ ತಂದು, ಕೊನೆಗೆ ಪ್ರಸಾದವೆಂದು ಹೆಸರಿಟ್ಟರೆ ಪೂಜೆಯು ಸಂದದ್ದು ನಾಲಗೆಗೆ. ಇನ್ನು, ಸಾಕೆಂದವರ ಎಲೆಗೆ ಮತ್ತೊಂದು ಸೌಟು ಸುರಿಯುವ ಬಲವಂತವನ್ನು ಉಪಚಾರವೆನ್ನುವ ರೂಢಿ ನಮ್ಮ ಮನೆಗಳಿಂದ ಎಂದೋ ಹೋಗಬೇಕಾಗಿತ್ತು.

ಈ ಎಚ್ಚರವು ಇಂದು ಹೆಚ್ಚಾಗಿ ಬೇಕಾಗಿರುವುದಕ್ಕೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಒಂದು ನಿದರ್ಶನ. ಕಾವಲೆಂದರೆ ದನಗಳಿಗೆ ಕಾದಿರಿಸಿದ ಹುಲ್ಲುಗಾವಲು. ಆ ಹೆಸರಿನ ನೆಲದ 615 ಎಕರೆಗಳಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟಿತವಾಯಿತು. ಕಾಯಕದ ರೀತಿ ಬದಲಾದಲ್ಲಿ ಊಟದ ಅಳತೆಯೂ ಬದಲಾಗಬೇಕು. ದಿನವಿಡೀ ಹೊಲದಲ್ಲಿ ಬಗ್ಗಿ ದುಡಿದ ತಂದೆಗೆ ಸಲ್ಲುತ್ತಿದ್ದ ಎರಡು ಮುದ್ದೆ, ಕುಳಿತು ದುಡಿಯುವ ಮಗನಿಗೆ ಸಲ್ಲದು. ತಂದೆಯ ಬುತ್ತಿಯೊಡನೆ ಅಂಬಲಿ, ಮಜ್ಜಿಗೆ ಹೋಗುತ್ತಿದ್ದವು. ಮಗನ ದಾರಿಯಲ್ಲಿ ಬಣ್ಣದ ಪಾನೀಯದ ಸೀಸೆಗಳಿವೆ. ಅಂತಹ 250 ಮಿಲಿಲೀಟರಿನ ಅನೇಕ ಸೀಸೆಗಳಲ್ಲಿ 25 ಗ್ರಾಮಿನಷ್ಟು ಸಕ್ಕರೆಯಿರುತ್ತದೆ. ಬೆರೆಸಿದ ಸಕ್ಕರೆಯು ಇಡೀ ದಿನಕ್ಕೆ ಸುಮಾರು ಇಷ್ಟರೊಳಗಿದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಫಿಯ ಸಕ್ಕರೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ! ಉಪ್ಪಿಗೆ ಅದೇ ಸಂಸ್ಥೆ ಹಾಕಿದ ಮಿತಿ ದಿನಕ್ಕೆ 5 ಗ್ರಾಂ. ಉಪ್ಪಿನಕಾಯಿ ಹಪ್ಪಳಗಳಿಲ್ಲದೆ ಏಳದ ಮನೆಗಳಲ್ಲಿ ಅದು ಬೇಗನೆ ಮೀರುತ್ತದೆ.

ಆ ಸೀಮೆಯ ನೆಲವು ಕೊಡುವುದಾದರೂ ರಾಗಿ, ಹುರುಳಿ, ಅವರೆ, ಬೆರಕೆಸೊಪ್ಪು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ಬಿಳಿಯಕ್ಕಿಯಲ್ಲಿ ಅದು 10ರ ಆಸುಪಾಸು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ವಿದ್ಯಾರ್ಥಿಗಳು ಮುದ್ದೆಯುಂಡು ಬೆಳೆದಿದ್ದಾರೆ. 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಮಿತಾಹಾರವನ್ನು ನಾಡೆಲ್ಲ ಬಲ್ಲುದು. ಹಾಗೆಂದು ರಾಗಿಯನ್ನು ಸಂಜೀವಿನಿಯೆಂದು ಹೊಗಳುವುದೂ ಅತಿಯೇ. ಮುದ್ದೆಯೂ ಪಿಷ್ಟವೇ ಆದುದರಿಂದ ಮಧುಮೇಹಿಗೆ ಅದರ ಗಾತ್ರವೂ ಮುಖ್ಯ, ಜೊತೆಗಿನ ಕಾಳು ಸೊಪ್ಪುಗಳೂ ಮುಖ್ಯ.

ಪಥ್ಯಕ್ಕೂ ಒಂದು ಅಹಂಕಾರವುಂಟು. ಬಡವರ ಮನೆಯಲ್ಲಿ ಭಕ್ತಿಯಿಂದಿಟ್ಟ ಅನ್ನವನ್ನು ಬೆಳ್ಳಗಿದೆಯೆಂದು ಹಳಿಯುವವರಿಗೆ ಪದಾರ್ಥವೂ ತಿಳಿದಿಲ್ಲ, ಪ್ರಸಾದವೂ ತಿಳಿದಿಲ್ಲ. ಅಲ್ಲಿ ಎರಡು ತುತ್ತು ಉಂಡರೆ ಯಾವ ಪಥ್ಯವೂ ಕೆಡದು. ಆದರೆ ಪರರಿಗಾಗಿ ಆರಿಸುವಾಗ ಹೊಣೆ ದೊಡ್ಡದು. ದಾಸೋಹಕ್ಕೆ ಅಕ್ಕಿ ಸಕ್ಕರೆಗಳ ಮೂಟೆ ಕಳುಹಿಸುವ ಭಕ್ತರು ಮುಂದಿನ ಸಲ ಹುರುಳಿಯನ್ನೋ ಅವರೆಯನ್ನೋ ಒಂದು ಗಾಡಿ ಸೊಪ್ಪನ್ನೋ ಕಳುಹಿಸಬಹುದು. ಅಲ್ಲಿ ಉಣ್ಣುವ ಮಕ್ಕಳು ತಾವಾಗಿ ಆರಿಸಿಕೊಳ್ಳುವಂತಿಲ್ಲ.